ವರ್ಷ ಬರೆಯದ ಬೈಸಿಕಲ್ಲು
ಇಟಲಿಯ ಹಳೆಯ ಓಟದ ಸೈಕಲ್ಲುಗಳ ಕಾಲನಿರ್ಣಯ

ವಿತ್ತೋರಿಯೊ ದೆ ಸೀಕಾ ಅವರು ನಿರ್ದೇಶಿಸಿದ 'ಬೈಸಿಕಲ್ ಕಳ್ಳರು' ಎಂಬ ಇಟಲಿಯ ಚಲನಚಿತ್ರವನ್ನು ವಾಚಕರಲ್ಲಿ ಕೆಲವರಾದರೂ ಬಲ್ಲರು. 1948ರಲ್ಲಿ ತೆರೆಗೆ ಬಂದ ಈ ಚಿತ್ರವನ್ನು 1952ರಲ್ಲಿ ನಮ್ಮ ದೇಶದಲ್ಲಿ ನಡೆದ ಮೊದಲನೆಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ತೋರಿಸಿದರು. ರೋಮ್ ನಗರದ ಒಬ್ಬ ಬಡವನಿಗೆ ಗೋಡೆಗಳ ಮೇಲೆ ಜಾಹೀರಾತು ಅಂಟಿಸುವ ಕೆಲಸ ಸಿಕ್ಕುತ್ತದೆ. ಸೈಕಲ್ಲಿದ್ದರೆ ಮಾತ್ರ ಆ ಕೆಲಸ. ಮನೆಯ ಹಾಸುಬಟ್ಟೆಗಳನ್ನು ಒತ್ತೆಯಿಟ್ಟು ಬಿಡಿಸಿ ತಂದ ಸೈಕಲ್ಲು ಕೆಲಸಕ್ಕೆ ಹೋದ ಮೊದಲ ದಿನವೇ ಕಳುವಾಗುತ್ತದೆ. ಮಾರನೆಯ ದಿನ ಹಳೆಯ ಸಾಮಾನಿನ ಸಂತೆಯಲ್ಲಿ ಒಬ್ಬ ವ್ಯಾಪಾರಿ ಸೈಕಲ್ ಚೌಕಟ್ಟೊಂದಕ್ಕೆ ಹೊಸ ಬಣ್ಣ ಬಳಿಯುತ್ತ ಕುಳಿತಿರುವುದು ಅವನ ಕಣ್ಣಿಗೆ ಬೀಳುತ್ತದೆ. ಚೌಕಟ್ಟಿನಲ್ಲಿ ಕೊರೆದ ಸಂಖ್ಯೆಯನ್ನು ತೋರಿಸು ಎಂದು ಇವನು ಕೇಳುತ್ತಾನೆ, ಅವನು ಒಲ್ಲೆನೆನ್ನುತ್ತಾನೆ. ಕೊನೆಗೆ ಪೋಲೀಸಿನವನು ಬಂದು ಸಂಖ್ಯೆಯನ್ನು ಓದಿ ಹೇಳುತ್ತಾನೆ. ಅದು ಬೇರೆ ಸೈಕಲ್ಲು.

ಆ ಬಡವನಿಗೆ ತನ್ನ ಸಂಖ್ಯೆಯಾದರೂ ತಿಳಿದಿತ್ತು. ಇಟಲಿಯ ಹಳೆಯ ಓಟದ ಸೈಕಲ್ಲೊಂದು ಯಾರದೋ ಅಟ್ಟದ ಮೇಲಿಂದ ಕೆಳಗಿಳಿದು ಬಂದಾಗ, ಅದು ಯಾವ ಮಾದರಿ, ಎಷ್ಟು ವರ್ಷದ್ದು ಎಂದು ಕೇಳಿದರೆ ಸಂಖ್ಯೆಯಿಂದ ಉತ್ತರ ದೊರೆಯುವುದು ಅಪರೂಪ. ದೊಡ್ಡ ಕಾರ್ಖಾನೆಗಳು ಸಂಖ್ಯೆ ಒತ್ತುತ್ತಿದ್ದುದು ನಿಜ. ಆದರೆ ನಾಲ್ಕಾರು ಜನ ಕೂಡಿ ಬೆಸೆಯುತ್ತಿದ್ದ ಸಣ್ಣ ಕಾರ್ಯಾಗಾರಗಳಲ್ಲಿ ಒಬ್ಬೊಬ್ಬರದು ಒಂದೊಂದು ಪದ್ಧತಿ. ಒಂದು ಚೌಕಟ್ಟಿನಲ್ಲಿ 56 ಎಂದು ಕೊರೆದಿದ್ದರೆ ಅದು 1956 ಎಂದು ಹಿಗ್ಗುವಂತಿಲ್ಲ. ಸೀಟಿನ ಕೊಳವೆ 56 ಸೆಂಟಿಮೀಟರು ಉದ್ದ ಎಂದಷ್ಟೇ ಅದರ ಅರ್ಥವಿರಬಹುದು. ಶಕವರ್ಷ ಕಾಣದ ಶಾಸನವನ್ನು ಎದುರಿಗಿಟ್ಟುಕೊಂಡ ವಿದ್ವಾಂಸನ ಪಾಡೇ ಇಲ್ಲಿಯದೂ. ಅವನು ಲಿಪಿಯನ್ನು ನೋಡುತ್ತಾನೆ, ಭಾಷೆಯನ್ನು ನೋಡುತ್ತಾನೆ, ಇದಕ್ಕಿಂತ ಹಿಂದಕ್ಕೆ ಹೋಗಲಾರದು, ಇದಕ್ಕಿಂತ ಈಚೆಗೆ ಬರಲಾರದು ಎಂದು ಎರಡು ಎಲ್ಲೆಗಳನ್ನು ಹಾಕಿಕೊಳ್ಳುತ್ತಾನೆ. ಸೈಕಲ್ಲಿಗೂ ಲಿಪಿ ಇದೆ.

ಮೊದಲು ಕಣ್ಣಿಗೆ ಬೀಳುವ ಸಾಕ್ಷಿ ಬಣ್ಣ ಮತ್ತು ಹೆಸರು. ಎಲ್ಲಕ್ಕಿಂತ ದುರ್ಬಲವಾದ ಸಾಕ್ಷಿಯೂ ಅದೇ. ಎದುವಾರ್ದೊ ಬಿಯಾಂಕಿ 1885ರಲ್ಲಿ ಮಿಲಾನ್ ನಗರದಲ್ಲಿ ಆರಂಭಿಸಿದ ಕಂಪನಿಯ ಸೈಕಲ್ಲುಗಳಿಗೆ ತಿಳಿಹಸಿರು ಬೆರೆತ ಆಕಾಶದ ಬಣ್ಣ. ರಾಣಿ ಮಾರ್ಗೆರಿತಾಳ ಕಣ್ಣಿನ ಬಣ್ಣ ಅದು ಎಂದು ಒಂದು ಕಥೆ, ಮಿಲಾನಿನ ಬಾನಿನ ಬಣ್ಣ ಎಂದು ಇನ್ನೊಂದು ಕಥೆ. ಲೆನ್ಯಾನೊ ಸೈಕಲ್ಲುಗಳು ಹಸಿರು. ಕೊಲ್ನಾಗೊ ಸೈಕಲ್ಲಿಗೆ ಇಸ್ಪೀಟಿನ ಕ್ಲಾವರ್ ಎಲೆಯ ಗುರುತು. ಆದರೆ ಬಣ್ಣ ಯಾರಾದರೂ ಬಳಿಯಬಹುದು, ಹೆಸರಿನ ಕಾಗದವನ್ನು ಯಾರಾದರೂ ಅಂಟಿಸಬಹುದು. ಮೋಸದ ಮಾತು ಹಾಗಿರಲಿ, ಪ್ರಾಮಾಣಿಕವಾದ ಹೆಸರೂ ನಮ್ಮನ್ನು ದಾರಿ ತಪ್ಪಿಸುವುದುಂಟು. ಮಿಲಾನಿನ ವಿಗೊರೆಲ್ಲಿ ಪಂದ್ಯಮಂಡಲದ ಅಡಿಯಲ್ಲೇ ಕಾರ್ಯಾಗಾರ ಇಟ್ಟುಕೊಂಡಿದ್ದ ಫಲಿಯೇರೊ ಮಾಸಿ ಬೆಸೆದ ಚೌಕಟ್ಟುಗಳು ಬೇರೆ ಕಂಪನಿಗಳ ಬಣ್ಣ ಹೊತ್ತು ಪಂದ್ಯಕ್ಕಿಳಿಯುತ್ತಿದ್ದವು. ಬೆಲ್ಜಿಯಂ ದೇಶದ ಎಡ್ಡಿ ಮರ್ಕ್ಸ್ 1970ರ ದಶಕದಲ್ಲಿ ಏರಿದ ಸೈಕಲ್ಲುಗಳ ಮೇಲೆ ಅವನದೇ ಹೆಸರು. ಬೆಸೆದ ಕೈ ಒಮ್ಮೆ ಕೊಲ್ನಾಗೊ, ಇನ್ನೊಮ್ಮೆ ದೆ ರೋಜಾ. ಕಾವ್ಯದ ಅಂಕಿತ ಒಬ್ಬನದು, ಕೃತಿ ಇನ್ನೊಬ್ಬನದು ಎಂಬ ಚರ್ಚೆಗಳನ್ನು ಕಂಡ ನಮಗೆ ಇದೇನೂ ಹೊಸತಲ್ಲ.

ಹೀಗಾಗಿ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿಕೊಳ್ಳಬೇಕು. ಪೆಡಲುಗಳ ನಡುವಣ ಅಚ್ಚು ತಿರುಗುವ ಅಡ್ಡ ಕೊಳವೆಯನ್ನು ಅಳೆಯಬೇಕು. ಇಟಲಿಯ ಪದ್ಧತಿಯಲ್ಲಿ ಅದರ ಅಗಲ 70 ಮಿಲಿಮೀಟರು, ಇಂಗ್ಲಿಷ್ ಪದ್ಧತಿಯಲ್ಲಿ 68. ಅದರೊಳಗಿನ ತಿರುಪಿನ ಸುತ್ತು ಇಟಲಿಯದರಲ್ಲಿ 36 ಮಿಲಿಮೀಟರು ವ್ಯಾಸದ್ದು, ಅಂಗುಲಕ್ಕೆ 24 ಎಳೆ. ಇಲ್ಲೊಂದು ವಿಚಿತ್ರ. ಇಂಗ್ಲಿಷರು ಬಲಗಡೆಯ ಬಟ್ಟಲಿಗೆ ಎಡತಿರುಪು ಕೊಟ್ಟರು, ತುಳಿಯುವ ರಭಸಕ್ಕೆ ಅದು ಸಡಿಲವಾಗದಿರಲಿ ಎಂದು. ಇಟಲಿಯವರು ಎರಡು ಕಡೆಗೂ ಬಲತಿರುಪನ್ನೇ ಕೊಟ್ಟು, ಬಿಗಿಯಾಗಿ ತಿರುಗಿಸಿಬಿಡು ಎಂದು ಮೇಸ್ತ್ರಿಗೆ ಬಿಟ್ಟರು. ಮಿಲಿಮೀಟರಿನ ವ್ಯಾಸಕ್ಕೆ ಅಂಗುಲದ ಎಳೆ ಸೇರಿಸಿದ ಈ ಮಣಿಪ್ರವಾಳ ಶೈಲಿಯನ್ನು ಕಂಡರೆ, ಚೌಕಟ್ಟು ಬಹುಪಾಲು ಇಟಲಿಯದೇ ಎನ್ನಬಹುದು. ಬಣ್ಣ ಬಳಿದವನು ಇದನ್ನು ಬದಲಿಸಲಾರ.

ದೇಶ ತಿಳಿಯಿತು. ಕಾಲವನ್ನು ತಿಳಿಯಲು ಹಿಂದಿನ ಚಕ್ರದ ಬಳಿಗೆ ಹೋಗಬೇಕು. ಅಲ್ಲಿ ನಮಗೆ ವಿಚೆಂಝಾ ಊರಿನ ತುಲ್ಯೊ ಕಂಪಾನ್ಯೋಲೊ ಎಂಬ ಪುಣ್ಯಾತ್ಮನ ಪರಿಚಯವಾಗುತ್ತದೆ. 1901ರಲ್ಲಿ ಹುಟ್ಟಿ 1983ರಲ್ಲಿ ತೀರಿಕೊಂಡ ಈತ ತಾರುಣ್ಯದಲ್ಲಿ ಸ್ವತಃ ಪಂದ್ಯಗಾರ. ಆಗಿನ ಓಟದ ಸೈಕಲ್ಲಿನಲ್ಲಿ ಹಿಂದಿನ ಚಕ್ರದ ಎರಡು ಬದಿಗೂ ಹಲ್ಲುಚಕ್ರ. ಏರು ಬಂದರೆ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಮುಂದೆ ಹೋಗಬೇಕು. 1927ರ ನವೆಂಬರಿನಲ್ಲಿ ಕ್ರೋಚೆ ದಾವ್ನೆ ಎಂಬ ಕಣಿವೆದಾರಿಯಲ್ಲಿ ಹಿಮದ ನಡುವೆ ಬೆರಳು ಮರಗಟ್ಟಿ, ಚಿಟ್ಟೆ ನಟ್ಟುಗಳನ್ನು ತಿರುಗಿಸಲಾರದೆ ಈತ ನಿಂತುಬಿಟ್ಟನೆಂದೂ, ಅದರಿಂದಲೇ ಒಂದು ಸನ್ನೆಯಿಂದ ಚಕ್ರ ಬಿಡಿಸುವ ಉಪಾಯ ಹೊಳೆಯಿತೆಂದೂ ಹೇಳುತ್ತಾರೆ. ದಿನಾಂಕವನ್ನು ಪ್ರಶ್ನಿಸಿದವರಿದ್ದಾರೆ, ಐತಿಹ್ಯವೆಂದೇ ಎಣಿಸೋಣ. 1933ರಲ್ಲಿ ಆತನ ಕಂಪನಿ ಆರಂಭವಾದದ್ದಂತೂ ಚರಿತ್ರೆ.

1940ರ ದಶಕದಲ್ಲಿ ಆ ಕಂಪನಿಯಿಂದ ಹೊರಟ 'ಕಂಬಿಯೊ ಕೊರ್ಸಾ' ಎಂಬ ಗೇರಿನ ಕ್ರಮವನ್ನು ಕೇಳಿದರೆ ಇಂದಿನ ಹುಡುಗರು ನಕ್ಕಾರು. ಸೀಟಿನ ಹಿಂದೆ ಬಲಗಡೆಯ ಕೊಳವೆಗೆ ಅಂಟಿಕೊಂಡಂತೆ ಎರಡು ಉದ್ದನೆಯ ಸನ್ನೆಗಳು. ಓಡುತ್ತಿರುವಾಗಲೇ ಸವಾರನು ಕೈಯನ್ನು ಹಿಂದಕ್ಕೆ ಚಾಚಿ ಒಂದು ಸನ್ನೆಯಿಂದ ಚಕ್ರದ ಅಚ್ಚನ್ನು ಸಡಿಲಿಸಬೇಕು. ಪೆಡಲನ್ನು ಹಿಂದುಮುಂದಾಗಿ ತುಳಿಯುತ್ತ ಇನ್ನೊಂದು ಸನ್ನೆಯಿಂದ ಚೈನನ್ನು ಬೇರೆ ಹಲ್ಲುಚಕ್ರಕ್ಕೆ ತಳ್ಳಬೇಕು. ಚಕ್ರವೇ ಮುಂದಕ್ಕೋ ಹಿಂದಕ್ಕೋ ಸರಿದು ಚೈನು ಬಿಗಿಯಾದ ಮೇಲೆ ಅಚ್ಚನ್ನು ಮತ್ತೆ ಕಟ್ಟಬೇಕು. ಇಷ್ಟೆಲ್ಲ ಬೆಟ್ಟದ ಏರಿನಲ್ಲಿ! 1938ರಲ್ಲಿ ಫ್ರಾನ್ಸ್ ಪ್ರದಕ್ಷಿಣೆಯ ಪಂದ್ಯವನ್ನು ಗೆದ್ದಿದ್ದ ಜೀನೊ ಬರ್ತಲಿ, ಹತ್ತು ವರ್ಷಗಳ ಮೇಲೆ 1948ರಲ್ಲಿ ಅದನ್ನು ಮತ್ತೆ ಗೆದ್ದದ್ದು ಈ ಗೇರಿನಿಂದಲೇ. ಚಕ್ರ ಓರೆಯಾಗದೆ ನೇರವಾಗಿ ಸರಿಯಲೆಂದು ಅಚ್ಚು ಕೂರುವ ಕವಲಿನಲ್ಲಿ ಗರಗಸದಂತೆ ಹಲ್ಲು ಕೊರೆದಿರುತ್ತಿದ್ದರು. ನಮ್ಮ ಕೆಲಸಕ್ಕೆ ಬೇಕಾದದ್ದು ಈ ಹಲ್ಲುಗಳೇ. ಗೇರು ಕಳಚಿಹೋಗಿರಬಹುದು, ಸನ್ನೆಗಳು ತುಕ್ಕು ಹಿಡಿದು ಗುಜರಿ ಸೇರಿರಬಹುದು. ಕವಲಿನಲ್ಲಿ ಹಲ್ಲು ಕಂಡರೆ ಆ ಚೌಕಟ್ಟು 1940ರ ದಶಕದ್ದು, ಇಲ್ಲವೆ 1950ರ ದಶಕದ ಮೊದಲ ಭಾಗದ್ದು.

1950ರಲ್ಲಿ ಫೌಸ್ತೊ ಕೊಪ್ಪಿ ಪ್ಯಾರಿಸ್–ರುಬೇ ಪಂದ್ಯವನ್ನು ಗೆದ್ದಾಗ ಎರಡು ಸನ್ನೆಗಳ ಬದಲು ಒಂದೇ ಸನ್ನೆಯ ಗೇರು ಬಂದಿತ್ತು. ಪಂದ್ಯದ ಹೆಸರೇ ಗೇರಿನ ಹೆಸರಾಯಿತು. ಆದರೆ ಅದರ ಆಯುಷ್ಯ ಅಲ್ಪ. 1949ರಲ್ಲೇ ಕಂಪಾನ್ಯೋಲೊ ಇನ್ನೊಂದು ಮಾದರಿಯನ್ನು ಪ್ರದರ್ಶಿಸಿದ್ದ. 1951ರ ಹೊತ್ತಿಗೆ ಅದು 'ಗ್ರಾನ್ ಸ್ಪೋರ್ಟ್' ಎಂಬ ಹೆಸರಿನಿಂದ ಅಂಗಡಿಗೆ ಬಂತು. ರೇಖಾಗಣಿತದ ಸಮಾಂತರ ಚತುರ್ಭುಜದಂತೆ ಮಡಚಿ ಬಿಚ್ಚುವ ಅದರ ಮೈ, ಎದುರಿನ ಇಳಿಜಾರು ಕೊಳವೆಯ ಮೇಲಿನ ಪುಟ್ಟ ಸನ್ನೆಯಿಂದ ತಂತಿಯ ಮೂಲಕ ಆಡುತ್ತದೆ. ಚಕ್ರ ಕದಲುವುದಿಲ್ಲ, ಚೈನು ಮಾತ್ರ ಕದಲುತ್ತದೆ. ಹೀಗಾಗಿ ಕವಲಿಗೆ ಹಲ್ಲು ಬೇಕಿಲ್ಲ. ಗೇರು ತೂಗಲು ಕೆಳಗೊಂದು ಕಿವಿ ಬೇಕು. ಹಲ್ಲು ಹೋಗಿ ಕಿವಿ ಬಂದದ್ದು ಸೈಕಲ್ಲಿನ ಲಿಪಿಯಲ್ಲಿ ದೊಡ್ಡ ತಿರುವು. (ಕಿವಿ ಇಲ್ಲ ಎಂದ ಮಾತ್ರಕ್ಕೆ ಬಹಳ ಹಳೆಯದೆನ್ನಬಾರದು. ಅಗ್ಗದ ಚೌಕಟ್ಟುಗಳಿಗೆ ಅನಂತರವೂ ಬಹುಕಾಲ ಕಿವಿ ಇರಲಿಲ್ಲ. ಗೇರನ್ನು ಒಂದು ಪಟ್ಟಿಯಿಂದ ಬಿಗಿಯುತ್ತಿದ್ದರು.)

ಮುಂದಿನ ದಾರಿ ಸುಲಭ. 1963ರ 'ರೆಕಾರ್ಡ್' ಗೇರು ಕ್ರೋಮಿಯಂ ಲೇಪದ ಕಂಚಿನದು, 1967ರ 'ನುವೊವೊ ರೆಕಾರ್ಡ್' ಅಲ್ಯೂಮಿನಿಯಮಿನದು. ಒಂದು ಹೊಳೆಯುತ್ತದೆ, ಇನ್ನೊಂದು ಮಾಸಲು ಬೆಳ್ಳಿಯಂತೆ ಕಾಣುತ್ತದೆ. ಕೈಯಲ್ಲಿ ಹಿಡಿದರೆ ತೂಕವೇ ಹೇಳುತ್ತದೆ. 1970ರ ದಶಕದಿಂದ ಈಚೆಗೆ ಕಂಪಾನ್ಯೋಲೊ ಕಂಪನಿ ನಮ್ಮಂಥವರ ಮೇಲೆ ಒಂದು ಉಪಕಾರವನ್ನೂ ಮಾಡಿತು. ಗೇರಿನ ಮೈಮೇಲೆ ಪೇಟೆಂಟ್ ಎಂಬ ಮಾತಿನ ಜೊತೆಗೆ 73, 78 ಎಂಬಂತೆ ವರ್ಷದ ಕೊನೆಯ ಎರಡು ಅಂಕಿಗಳನ್ನು ಒತ್ತಿತು. ಪೇಟೆಂಟ್ ಪಡೆದ ವರ್ಷ ಅದೆಂದು ಹಲವರು ತಿಳಿಯುತ್ತಾರೆ. ಅದು ಆ ಗೇರು ತಯಾರಾದ ವರ್ಷ. ಹಿಂದಿನ ಚಕ್ರದ ಅಚ್ಚಿನ ನಟ್ಟುಗಳಲ್ಲಿ ಇನ್ನೂ ಹಳೆಯ ಗುರುತಿದೆ. ಸಿ, ಎ, ಎಂ ಎಂಬ ಮೂರು ರೋಮನ್ ಅಕ್ಷರಗಳು, ಪಕ್ಕದಲ್ಲಿ 66 ಎಂಬಂತೆ ಎರಡು ಅಂಕಿ. ಜಿಡ್ಡನ್ನು ಸೀಮೆಎಣ್ಣೆಯಿಂದ ಒರೆಸಿ ಭೂತಕನ್ನಡಿ ಹಿಡಿದರೆ ಕಾಣುತ್ತದೆ.

ಆದರೆ ಪ್ರಕ್ಷೇಪದ ಭಯ ಇಲ್ಲಿಯೇ. ಓಲೆಗರಿಯ ಪ್ರತಿಯಲ್ಲಿ ಲಿಪಿಕಾರನು ತನ್ನ ಪದ್ಯವನ್ನು ಸೇರಿಸಿಬಿಡುವಂತೆ, ಸೈಕಲ್ಲಿಗೆ ಮೇಸ್ತ್ರಿ ತನ್ನ ಅಂಗಡಿಯಲ್ಲಿದ್ದ ಭಾಗವನ್ನು ಸೇರಿಸುತ್ತಾನೆ. ಪಂದ್ಯದ ಸೈಕಲ್ಲು ಬೀಳುತ್ತದೆ, ಚಕ್ರ ಮುರಿಯುತ್ತದೆ, ಗೇರು ಬದಲಾಗುತ್ತದೆ. 1966ರ ಚೌಕಟ್ಟಿನಲ್ಲಿ 1975ರ ಗೇರು ಇರುವುದು ಅಪರಾಧವಲ್ಲ. ಅದನ್ನು ನೋಡಿ ಚೌಕಟ್ಟೂ 1975ರದೆಂದು ಹೇಳುವುದು ತಪ್ಪು. ಗೇರು ಒಂದು, ಮುಂದಿನ ಹಬ್ಬು ಒಂದು, ಹಿಂದಿನದು ಒಂದು ಎಂದು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಬೇಕು. ಮೂರೂ ಒಂದೆರಡು ವರ್ಷಗಳ ಅಂತರದಲ್ಲಿ ಕೂಡಿಬಂದರೆ ಸೈಕಲ್ಲು ಕಾರ್ಖಾನೆಯಿಂದ ಹೊರಟಂತೆಯೇ ಉಳಿದಿದೆ ಎಂದು ಧೈರ್ಯವಾಗಿ ನಂಬಬಹುದು.

ಚೌಕಟ್ಟಿಗೆ ಬೆಸೆದ ಸಣ್ಣಪುಟ್ಟ ಕೊಂಡಿಗಳೂ ಮಾತನಾಡುತ್ತವೆ. 1960ರ ದಶಕದಲ್ಲಿ ಗೇರಿನ ಸನ್ನೆ, ಬ್ರೇಕಿನ ತಂತಿ, ನೀರಿನ ಬಾಟಲಿ ಇವೆಲ್ಲ ಪಟ್ಟಿ ಬಿಗಿದು ನಿಲ್ಲಿಸುವಂಥವು. 1970ರ ದಶಕ ಮುಗಿಯುವ ಹೊತ್ತಿಗೆ ಇವಕ್ಕೆ ಕೊಂಡಿಗಳನ್ನು ಚೌಕಟ್ಟಿಗೇ ಬೆಸೆಯುವುದು ರೂಢಿಯಾಯಿತು. ಹಿಂದಿನ ಕವಲಿನ ಅಗಲವನ್ನೂ ಅಳೆಯಬೇಕು: ಐದು ಹಲ್ಲುಚಕ್ರಗಳ ಕಾಲದಲ್ಲಿ 120 ಮಿಲಿಮೀಟರು, ಆರೇಳಾದಾಗ 126, ಎಂಟಾದಾಗ 130.

ಇಷ್ಟೆಲ್ಲ ಗೊಡವೆ ಏತಕ್ಕೆ ಎಂದು ಕೇಳಬಹುದು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೊಪ್ಪಿ 1949ರಲ್ಲಿ ಇಟಲಿ ಪ್ರದಕ್ಷಿಣೆ, ಫ್ರಾನ್ಸ್ ಪ್ರದಕ್ಷಿಣೆ ಎರಡನ್ನೂ ಒಂದೇ ವರ್ಷ ಗೆದ್ದ. 1953ರಲ್ಲಿ ಲುಗಾನೊದಲ್ಲಿ ವಿಶ್ವವಿಜೇತನಾದ. ಆಫ್ರಿಕಾ ಪ್ರವಾಸದಲ್ಲಿ ಮಲೇರಿಯಾ ತಗುಲಿ 1960ರ ಜನವರಿ 2ರಂದು, ನಲವತ್ತರ ವಯಸ್ಸಿನಲ್ಲೇ ತೀರಿಕೊಂಡ. ಇಟಲಿಯವರಿಗೆ ಆತ ದೇವರ ಸಮಾನ. ಆತನ ತಂಡದ 1949ರ ಬಿಯಾಂಕಿ ಎಂದು ಒಬ್ಬ ಮಾರಾಟಗಾರ ಒಂದು ಸೈಕಲ್ಲನ್ನು ಮುಂದಿಟ್ಟರೆ ಅದರ ಬೆಲೆ ಆಕಾಶಕ್ಕೇರುತ್ತದೆ. ಬಣ್ಣ ಸರಿಯಾಗಿದೆ, ಹೆಸರೂ ಇದೆ. ಬಗ್ಗಿ ನೋಡಿದರೆ ಕವಲಿನಲ್ಲಿ ಕಂಪಾನ್ಯೋಲೊ ಹೆಸರು ಒತ್ತಿದೆ, ಹಲ್ಲಿಲ್ಲ, ಗ್ರಾನ್ ಸ್ಪೋರ್ಟ್ ತೂಗುವ ಕಿವಿ ಇದೆ. ಅಚ್ಚಿನ ನಟ್ಟಿನ ಮೇಲೆ 62. ನಟ್ಟನ್ನು ಪ್ರಕ್ಷಿಪ್ತವೆಂದು ಬಿಟ್ಟುಬಿಡೋಣ, ಚಕ್ರ ಬದಲಾಗಿರಬಹುದು. ಚೌಕಟ್ಟಿಗೆ ಬೆಸೆದ ಕವಲನ್ನು ಏನು ಮಾಡುವುದು? ಅಂಗಡಿಗೆ 1951ರ ಸುಮಾರಿಗೆ ಬಂದ ಗೇರಿಗಾಗಿ ಮಾಡಿದ ಕಿವಿ 1949ರ ಸೈಕಲ್ಲಿನಲ್ಲಿ ಕಾರ್ಖಾನೆಯಿಂದಲೇ ಬಂದಿರಲಾರದು. ಕೊಪ್ಪಿ ಆ ವರ್ಷದ ಫ್ರಾನ್ಸ್ ಪ್ರದಕ್ಷಿಣೆಯಲ್ಲಿ ಬಳಸಿದ್ದು ಸಿಂಪ್ಲೆಕ್ಸ್ ಎಂಬ ಫ್ರೆಂಚ್ ಗೇರು ಎಂಬುದು ಬಾಹ್ಯ ಪ್ರಮಾಣ. ಮಾರಾಟಗಾರನು ಸುಳ್ಳನೇ ಆಗಿರಬೇಕಿಲ್ಲ, ಅವನ ತಾತ ಹಾಗೆ ಹೇಳಿದ್ದಿರಬಹುದು. ಸೈಕಲ್ಲು ಬೇರೆ ಹೇಳುತ್ತಿದೆ, ಅಷ್ಟೆ.

ಮಾದರಿಯ ವಿಷಯದಲ್ಲೂ ಹೀಗೆಯೇ. ಒಂದೇ ಕಂಪನಿ ಪಂದ್ಯಗಾರನಿಗೊಂದು, ಪೇಟೆಯ ಹುಡುಗನಿಗೊಂದು ಸೈಕಲ್ಲು ಮಾಡಿ ಎರಡಕ್ಕೂ ಒಂದೇ ಬಣ್ಣ ಬಳಿಯುತ್ತಿತ್ತು. ಭೇದ ಕೊಳವೆಯ ಉಕ್ಕಿನಲ್ಲಿದೆ. 1919ರಲ್ಲಿ ಆಂಜೆಲೊ ಲುಯಿಜಿ ಕೊಲೊಂಬೊ ಮಿಲಾನಿನಲ್ಲಿ ಆರಂಭಿಸಿದ ಕಾರ್ಖಾನೆಯ ಕೊಲಂಬಸ್ ಕೊಳವೆ ಉತ್ತಮ ಮಾದರಿಗಳ ಲಕ್ಷಣ. ಸೀಟನ್ನು ಹೊತ್ತ ಕಂಬವನ್ನು ಹೊರಗೆಳೆದು ಅಳೆದಾಗ 27.2 ಮಿಲಿಮೀಟರು ಬಂದರೆ ಕೊಳವೆಯ ಗೋಡೆ ತೆಳುವೆಂದೂ ಮಾದರಿ ಮೇಲುದರ್ಜೆಯದೆಂದೂ ಊಹಿಸಬಹುದು. 26ರ ಆಸುಪಾಸಿಗೆ ಇಳಿದರೆ ಗೋಡೆ ದಪ್ಪ, ಸೈಕಲ್ಲು ಸಾಧಾರಣ.

ಇವೆಲ್ಲವನ್ನೂ ಹೊಸ ಬಣ್ಣದ ಬಯಕೆ ಹಾಳುಮಾಡುತ್ತದೆ. ಹಳೆಯ ಸೈಕಲ್ಲು ಸಿಕ್ಕಿದೊಡನೆ ಉಜ್ಜಿ ತೊಳೆದು, ತುಕ್ಕನ್ನು ಅರೆದು, ಮಿರಮಿರನೆ ಬಣ್ಣ ಹೊಡೆಸುವವರು ಹೆಸರಿನ ಚೂರುಗಳನ್ನೂ, ಪಟ್ಟಿ ಬಿಗಿದಿದ್ದ ಕಡೆ ಉಳಿದ ಗೆರೆಗಳನ್ನೂ ಅಳಿಸಿಬಿಡುತ್ತಾರೆ. ಶಾಸನದ ಕಲ್ಲನ್ನು ಬಟ್ಟೆ ಒಗೆಯಲು ಹಾಕಿಕೊಂಡಂತಾಯಿತು. ಮೊದಲು ಛಾಯಾಚಿತ್ರ, ಆಮೇಲೆ ಅಳತೆ, ಎಲ್ಲಕ್ಕಿಂತ ಕೊನೆಗೆ ಚಿಂದಿಬಟ್ಟೆ ಎಂಬ ಕ್ರಮವನ್ನು ನಾನು ಹೇಳುತ್ತೇನೆ.

ಇಟಲಿಯ ತೊಸ್ಕಾನಾ ಪ್ರಾಂತದ ಗಾಯೋಲೆ ಎಂಬ ಹಳ್ಳಿಯಲ್ಲಿ 1997ರಲ್ಲಿ 'ಎರೊಯಿಕಾ' ಎಂಬ ಸೈಕಲ್ ಸವಾರಿ ಆರಂಭವಾಯಿತು. ಬಿಳಿಯ ಜಲ್ಲಿ ರಸ್ತೆಗಳ ಮೇಲೆ ಹಳೆಯ ಸೈಕಲ್ಲುಗಳ ಮೆರವಣಿಗೆ ಎಂದರೂ ಸಲ್ಲುತ್ತದೆ. ಸಾಮಾನ್ಯವಾಗಿ 1987ರ ಈಚೆಗೆ ತಯಾರಾಗದ ಹಳೆಯ ಸೈಕಲ್ಲುಗಳಿಗೇ ಅಲ್ಲಿ ಪ್ರವೇಶ. ತಯಾರಾದ ವರ್ಷದ ರಶೀತಿ ಯಾರ ಬಳಿ ಇದ್ದೀತು? ಗೇರಿನ ಸನ್ನೆ ಇಳಿಜಾರು ಕೊಳವೆಯ ಮೇಲಿರಬೇಕು, ಪೆಡಲಿಗೆ ಕಾಲ್ಬೆರಳ ಬುಟ್ಟಿಯೂ ತೊಗಲ ಪಟ್ಟಿಯೂ ಇರಬೇಕು, ಬ್ರೇಕಿನ ತಂತಿ ಹ್ಯಾಂಡಲಿಗೆ ಸುತ್ತಿದ ಪಟ್ಟಿಯೊಳಗೆ ಅಡಗದೆ ಹೊರಗೆ ಬಾಗಿ ಕಾಣಬೇಕು. ಅಲ್ಲಿಯ ನಿಯಮವೂ ಸೈಕಲ್ಲಿನ ಮೈಮೇಲಿನ ಗುರುತುಗಳನ್ನೇ ನೋಡುತ್ತದೆ.