ಶಪಥ ಮತ್ತು ಬಳಗ: ಎರಿಕ್ಸನ್ ಕಂಡ ಇಬ್ಬರು ತರುಣರು

ಎರಡನೆಯ ಮಹಾಯುದ್ಧದಿಂದ ಮರಳಿದ ಅಮೆರಿಕದ ಸೈನಿಕನೊಬ್ಬನಿಗೆ ತಲೆನೋವು ಬಿಡದೆ ಕಾಡುತ್ತಿತ್ತು. ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಿದ್ದ. ಮನೋವಿಶ್ಲೇಷಕ ಎರಿಕ್ ಎರಿಕ್ಸನ್ ‘ಚೈಲ್ಡ್‌ಹುಡ್ ಅಂಡ್ ಸೊಸೈಟಿ’ (1950) ಗ್ರಂಥದಲ್ಲಿ ಅವನ ವೃತ್ತಾಂತ ದಾಖಲಿಸಿದ್ದಾರೆ. ಅವನು ವೈದ್ಯಕೀಯ ದಳದವನು, ಆಯುಧ ಹಿಡಿದವನಲ್ಲ. ಪೆಸಿಫಿಕ್ ಕಡಲತೀರದಲ್ಲಿ ಗುಂಡಿನ ಮಳೆ ಸುರಿಯುತ್ತಿದ್ದ ರಾತ್ರಿ ಯಾರೋ ಅವನ ಕೈಗೆ ಬಂದೂಕು ತುರುಕಿದರು. ಮುಂದಿನದೆಲ್ಲ ಮಸುಕು.

ಕೆದಕಿದಾಗ ಹಳೆಯ ಕಥೆ ಹೊರಬಿತ್ತು. ಹರೆಯದಲ್ಲಿ, ಕುಡಿದ ಅಮಲಿನಲ್ಲಿದ್ದ ತಾಯಿ ಅವನತ್ತ ಬಂದೂಕು ಗುರಿಯಿಟ್ಟಿದ್ದಳು. ಅದನ್ನು ಕಸಿದು, ಮುರಿದು, ಕಿಟಕಿಯಾಚೆ ಎಸೆದು ಮನೆ ಬಿಟ್ಟವನು ಆಸರೆಯಾದ ಮುಖ್ಯೋಪಾಧ್ಯಾಯರಿಗೆ ಮಾತು ಕೊಟ್ಟಿದ್ದ: ಕುಡಿಯುವುದಿಲ್ಲ, ಹೊಲಸು ಮಾತಾಡುವುದಿಲ್ಲ, ಬಂದೂಕು ಮುಟ್ಟುವುದಿಲ್ಲ. ತಾನು ಇಂಥವನೆಂಬ ಅವನ ನಂಬಿಕೆ ನಿಂತದ್ದೇ ಆ ಮಾತಿನ ಮೇಲೆ.

ಆ ನಂಬಿಕೆ ಕುಸಿದ ಇಂಥ ಸೈನಿಕರ ಚಿಕಿತ್ಸೆಯಲ್ಲೇ ‘ಅಸ್ಮಿತೆಯ ಬಿಕ್ಕಟ್ಟು’ ಎಂಬ ಪರಿಕಲ್ಪನೆ ರೂಪುಗೊಂಡಿತು. ದಾರಿ ತಪ್ಪಿದ ತರುಣರ ವಿಚಾರದಲ್ಲಿ ಎರಿಕ್ಸನ್ ಇನ್ನೂ ಮುಂದೆ ಹೋದರು. ಕುಡಿತದಿಂದ ಹಾಳಾದ ತನ್ನ ಸೋದರನ ಛಾಯೆಯನ್ನೇ ಮಗನಲ್ಲಿ ಹುಡುಕುವ ತಾಯಿಯಿದ್ದರೆ, ಆ ಮಗ ಕುಡುಕನಾಗಲು ಶ್ರಮಪಟ್ಟು ದುಡಿದಾನು. ಒಳ್ಳೆಯವನಾಗುವ ಅವನ ಯತ್ನವನ್ನು ಅಲ್ಲಿ ಗಮನಿಸುವವರೇ ಇಲ್ಲ. ಇದನ್ನವರು ‘ನಕಾರಾತ್ಮಕ ಅಸ್ಮಿತೆ’ ಎಂದರು. ಪೊಲೀಸರು, ನ್ಯಾಯಾಲಯಗಳು ಹಚ್ಚುವ ಹಣೆಪಟ್ಟಿಯೂ ಇದೇ ಕೆಲಸ ಮಾಡುತ್ತದೆ. ಏನೂ ಅಲ್ಲದವನಾಗಿರುವುದಕ್ಕಿಂತ ಪೂರಾ ಕೆಟ್ಟವನಾಗುವುದು ಹುಡುಗನಿಗೆ ಹಗುರ.

ಅವರು ಕಂಡ ಇನ್ನೊಬ್ಬ ತರುಣ ಗಾಂಧೀಜಿ. ಎರಿಕ್ಸನ್ 1962ರಲ್ಲಿ ಅಹಮದಾಬಾದಿಗೆ ಬಂದದ್ದು ವಿಚಾರಸಂಕಿರಣವೊಂದಕ್ಕೆ. ಅದರ ಫಲ 1969ರ ‘ಗಾಂಧೀಸ್ ಟ್ರೂತ್’ ಗ್ರಂಥ. ಗಾಂಧೀಜಿಯ ಹರೆಯವೂ ಕದ್ದು ಮಾಂಸ ತಿಂದದ್ದು, ಕಳವು, ತಂದೆಗೆ ಬರೆದ ತಪ್ಪೊಪ್ಪಿಗೆ ಎಂದು ಸಾಗಿದ್ದೇ. 1888ರಲ್ಲಿ ಲಂಡನ್ನಿಗೆ ಹೊರಟಾಗ ತಾಯಿಯ ಸಮಾಧಾನಕ್ಕಾಗಿ ಮದ್ಯ, ಮಾಂಸ, ಸ್ತ್ರೀಸಂಗ ಬಿಡುವ ಶಪಥ ಮಾಡಿದರು. ಆದರೂ ಸಮುದ್ರ ದಾಟುತ್ತಾರೆಂದು ಅವರದೇ ಜಾತಿಯವರಾದ ಮುಂಬಯಿಯ ಮೋಢ ವಣಿಕರು ಅವರನ್ನು ಜಾತಿಯಿಂದ ಹೊರಹಾಕಿದರು. ಹಡಗಿಗೆ ಬೀಳ್ಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ!

ಎರಡೂ ಶಪಥಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಲಂಡನ್ನಿನ ಸಸ್ಯಾಹಾರಿ ಸಂಘ ಗಾಂಧಿಯವರನ್ನು ಕಾರ್ಯಕಾರಿ ಸಮಿತಿಗೇ ಸೇರಿಸಿಕೊಂಡಿತು. ತಾಯಿಗೆ ಕೊಟ್ಟ ಖಾಸಗಿ ಮಾತಿಗೆ ಅಲ್ಲಿ ಬಳಗ ಸಿಕ್ಕಿತು, ಪತ್ರಿಕೆ ಸಿಕ್ಕಿತು, ವಾದಿಸುವ ಭಾಷೆಯೂ ಸಿಕ್ಕಿತು. ಸೈನಿಕನಿಗೆ ಸಿಕ್ಕಿದ್ದು ಅವನ ಮಾತನ್ನೇ ಮುರಿಸಿದ ಯುದ್ಧ. ಇಬ್ಬರ ಮನೋಬಲದಲ್ಲಿ ಅಂತರ ಹುಡುಕುವುದು, ಈ ಮಟ್ಟಿಗೆ, ವ್ಯರ್ಥ.

ಎರಿಕ್ಸನ್ ವಿಚಾರಕ್ಕೆ ಗಟ್ಟಿ ಆಕ್ಷೇಪವೂ ಇದೆ. ಮೊದಲು ಅಸ್ಮಿತೆ, ಆಮೇಲೆ ಆಪ್ತತೆ ಎಂಬ ಅವರ ಕ್ರಮ ಗಂಡಿನ ಬದುಕಿನಿಂದ ಅಳೆದದ್ದು ಎಂದು ಮನೋವಿಜ್ಞಾನಿ ಕ್ಯಾರಲ್ ಗಿಲ್ಲಿಗನ್ 1982ರಲ್ಲಿ ತೋರಿಸಿದರು. ಧರ್ಮಸುಧಾರಕ ಲೂಥರ್, ಗಾಂಧಿ ಎಂದು ಎರಿಕ್ಸನ್ ಆರಿಸಿಕೊಂಡ ಪ್ರಸಿದ್ಧ ಮಾದರಿಗಳನ್ನು ನೋಡಿದರೆ ಆ ಮಾತನ್ನು ತಳ್ಳಿಹಾಕುವುದು ಕಷ್ಟ.