ಬಿಯಾಂಡ್ ಬ್ಯೂಟಿ: ತೈವಾನ್ ಫ್ರಮ್ ಅಬೌವ್

ತೈವಾನ್ ದ್ವೀಪವನ್ನು ಆಕಾಶದಿಂದಲೇ ಚಿತ್ರೀಕರಿಸಿದ ಸಾಕ್ಷ್ಯಚಿತ್ರ. ನಿರ್ದೇಶಕ ಚಿ ಪೊ-ಲಿನ್. ಬಿಡುಗಡೆ: ನವೆಂಬರ್ 2013. ಅವಧಿ ಸುಮಾರು ಒಂದೂವರೆ ಗಂಟೆ. ಹೆಸರಾಂತ ನಿರ್ದೇಶಕ ಹೌ ಶಿಯಾವೊ-ಶಿಯೆನ್ ಇದರ ನಿರ್ಮಾಣಕ್ಕೆ ಬೆಂಬಲವಾಗಿ ನಿಂತರು; ನಿರೂಪಣೆ ಚಿತ್ರಕಥೆಗಾರ ವು ನಿಯೆನ್-ಜೆನ್ ಅವರದು, ಸಂಗೀತ ರಿಕಿ ಹೋ ಅವರದು.

ಚಿ ಸರ್ಕಾರದ ಹೆದ್ದಾರಿ ಇಲಾಖೆಯಲ್ಲಿ ವೈಮಾನಿಕ ಛಾಯಾಗ್ರಾಹಕರಾಗಿದ್ದವರು. ನಿವೃತ್ತಿಗೆ ಕೆಲವೇ ವರ್ಷಗಳಿರುವಾಗ ಪಿಂಚಣಿಯ ಆಸೆ ಬಿಟ್ಟು ನೌಕರಿಗೆ ರಾಜೀನಾಮೆ ಕೊಟ್ಟು, ಮನೆಯನ್ನು ಅಡವಿಟ್ಟು ಈ ಸಾಹಸಕ್ಕಿಳಿದರು. ಹೆಲಿಕಾಪ್ಟರಿನ ಅಲುಗಾಟ ತಟ್ಟದಂತೆ ಗೈರೊಸ್ಕೋಪಿನಿಂದ ಸ್ಥಿರಗೊಳಿಸುವ ಕ್ಯಾಮೆರಾ ಬಳಸಿದರು. ವೆಚ್ಚ ಸುಮಾರು 9 ಕೋಟಿ ತೈವಾನ್ ಡಾಲರ್.

ದೇಶದ ಚೆಲುವನ್ನು ಮೇಲಿನಿಂದ ತೋರಿಸುವ ಚಿತ್ರಗಳು ಸಾಮಾನ್ಯವಾಗಿ ಪ್ರವಾಸೋದ್ಯಮ ಇಲಾಖೆಯ ಜಾಹೀರಾತಿನಂತಾಗಿಬಿಡುತ್ತವೆ. ಇಲ್ಲಿ ಹಾಗಾಗಿಲ್ಲ. ಮೋಡ ಹೊದ್ದ ಶಿಖರ, ಕಡಲಂಚು, ಗದ್ದೆಗಳು ಮೊದಲು ಮನಸೆಳೆಯುತ್ತವೆ ನಿಜ. ಆಮೇಲೆ ಕುಸಿದ ಗುಡ್ಡ, ಗಣಿಗೆ ಬಲಿಯಾದ ಬೆಟ್ಟ, ಕಾರ್ಖಾನೆಯ ತ್ಯಾಜ್ಯದಿಂದ ಬಣ್ಣಗೆಟ್ಟ ನದಿ ಬರುತ್ತವೆ. ಚಿತ್ರದ ನಿಜವಾದ ತೂಕ ಇರುವುದು ಈ ಭಾಗದಲ್ಲೇ. ಕೊನೆಗೆ 3,952 ಮೀಟರ್ ಎತ್ತರದ ಯುಶಾನ್ ಶಿಖರದ ಮೇಲೆ ಮೂಲನಿವಾಸಿ ಮಕ್ಕಳ ತಂಡವೊಂದು ಹಾಡುತ್ತದೆ.

2013ರಲ್ಲಿ ಗೋಲ್ಡನ್ ಹಾರ್ಸ್ ಅತ್ಯುತ್ತಮ ಸಾಕ್ಷ್ಯಚಿತ್ರ ಪ್ರಶಸ್ತಿ ಬಂತು. ಗಳಿಕೆಯಲ್ಲೂ ಅದು ತೈವಾನಿನ ಸಾಕ್ಷ್ಯಚಿತ್ರಗಳ ಹಿಂದಿನ ದಾಖಲೆಗಳನ್ನು ಮುರಿಯಿತು. ಮಾಲಿನ್ಯದ ಪ್ರಶ್ನೆ ಸಾರ್ವಜನಿಕ ಚರ್ಚೆಗೆ ಬಂತು. ಎರಡನೆಯ ಭಾಗ ಘೋಷಿಸಿದ ಎರಡೇ ದಿನಕ್ಕೆ, 2017ರ ಜೂನ್ 10ರಂದು, ಹ್ವಾಲಿಯೆನ್ ಕೌಂಟಿಯಲ್ಲಿ ಚಿತ್ರೀಕರಣದ ಹೆಲಿಕಾಪ್ಟರ್ ಪತನಗೊಂಡು ಚಿ, ಅವರ ಸಹಾಯಕ ಮತ್ತು ಪೈಲಟ್ ಮೃತಪಟ್ಟರು.