ಅಂಬಿಗನ ಮಾತು, ಸರ್ಕಾರದ ಮುದ್ರೆ: ಭೀಮಾತೀರದಿಂದ ದೋಣಿ ಸುರಕ್ಷತೆಯ ಚರಿತ್ರೆ

  ಸಾಹಿತ್ಯದ ವಿದ್ಯಾರ್ಥಿಗೆ ದೋಣಿಯ ಕಾನೂನು ಯಾಕೆ ಬೇಕಾಯ್ತು ಅಂತ ನಿಮಗನ್ನಿಸಬಹುದು. 2024ರ ಮೇ 21ರ ಸಂಜೆ ನಮ್ಮ ಸೊಲ್ಲಾಪುರ ಜಿಲ್ಲೆಯ ಕರಮಾಳಾ ತಾಲೂಕಿನ ಕುಗಾಂವದಿಂದ ಉಜನಿ ಹಿನ್ನೀರಿನ ಆಚೆ ದಡದ ಕಳಾಶಿಗೆ ಹೊರಟ ದೋಣಿ ಬಿರುಗಾಳಿಗೆ ಸಿಕ್ಕು ಮಗುಚಿತು. ಒಟ್ಟು ಏಳು ಜನ ಇದ್ದರು. ಒಬ್ಬರು ಈಜಿ ದಡ ಸೇರಿದರು. ಸತ್ತ ಆರು ಜನರಲ್ಲಿ ಇಬ್ಬರು ಸಣ್ಣ ಮಕ್ಕಳು; ದೋಣಿ ನಡೆಸುವವನೂ ಉಳಿಯಲಿಲ್ಲ. ಆ ಸಂಜೆ ‘ಈಗ ಹೊರಡಬ್ಯಾಡ್ರಿ’ ಎನ್ನುವ ಅಧಿಕಾರ ಯಾರ ಕೈಯಲ್ಲಿತ್ತು? ಈ ಪ್ರಬಂಧ ಹುಟ್ಟಿದ್ದು ಆ ಪ್ರಶ್ನೆಯಿಂದ.

ಹಿಂದೆ ಆ ಅಧಿಕಾರ ಅಂಬಿಗನದು. ಅಕ್ಕಲಕೋಟೆ ತಾಲೂಕಿನ ನದಿದಂಡೆಯ ಊರಲ್ಲಿ ಬೆಳೆದ ನನ್ನ ಅಜ್ಜಿ ಹರಿಗೋಲಿನಲ್ಲಿ ಭೀಮೆ ದಾಟಿ ಇಂಡಿ ಕಡೆಯ ಬೀಗರ ಮನೆಗೆ ಹೋಗುತ್ತಿದ್ದಳು. ‘ಅಂವ ಮುಗಿಲ ನೋಡಿ ಇವತ್ತ ಆಗೂದಿಲ್ಲ ಅಂದ್ರ ಗೌಡನೂ ಕುಂತಲ್ಲೇ ಕುಂಡರತಿದ್ದ’ ಅನ್ನುತ್ತಿದ್ದಳು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನನ್ನು ಪಾಠದಲ್ಲಿ ಓದುವಾಗ ನಾವು ದೋಣಿಯನ್ನು ಕೂಡಲೇ ರೂಪಕ ಮಾಡಿಬಿಡುತ್ತೇವೆ, ಭವಸಾಗರ ಅಂತ ಮುಂದಕ್ಕೆ ಹೋಗುತ್ತೇವೆ. ಅವನ ದನಿಯಲ್ಲಿರುವ ಆ ನಿಷ್ಠುರತೆಗೆ ಕಾಯಕದ್ದೂ ಒಂದು ಪಾಲು ಇರಬೇಕು ಎಂಬುದು ನನ್ನ ಊಹೆ. ಹತ್ತು ಜನರ ಜೀವ ಕೈಯಲ್ಲಿಟ್ಟುಕೊಂಡವನು ಮೆತ್ತಗೆ ಮಾತಾಡಿದರೆ ನಡೆಯೋದಿಲ್ಲ.

ಹರಿಗೋಲಿಗೆ ಎಷ್ಟು ಜನ ಎಂಬ ಲೆಕ್ಕವೂ ಹಳೆಯದೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿದ ಈ ದೋಣಿಗಳಲ್ಲಿ ಹದಿನೈದು-ಇಪ್ಪತ್ತು ಜನ ಹಿಡಿಯುತ್ತಾರೆ ಎಂದು ಬರೆದಿದ್ದಾನೆ. ಹದಿನೈದೋ ಇಪ್ಪತ್ತೋ? ಆ ಐದು ಜನರ ವ್ಯತ್ಯಾಸವನ್ನು ತೀರ್ಮಾನಿಸುತ್ತಿದ್ದದ್ದು ಅಂಬಿಗನ ಕಣ್ಣು.

ಬ್ರಿಟಿಷರ ಕಾಲಕ್ಕೆ ಬಂದರೆ ನಮ್ಮ ಭೀಮೆಯ ಕಥೆ ತುಸು ಗೋಜಲು. ಸೊಲ್ಲಾಪುರ, ಇಂಡಿ ಮುಂಬೈ ಪ್ರಾಂತದಲ್ಲಿ. ಅಕ್ಕಲಕೋಟೆ 1948ರವರೆಗೂ ಭೋಸಲೆ ಮನೆತನದ ಸಂಸ್ಥಾನ. ಕೆಳಗೆ ಅಫಜಲಪುರ ನಿಜಾಮನದು. ಮುಂಬೈ ಪ್ರಾಂತದಲ್ಲಿ ಕಡವುಗಳಿಗೂ ಒಳನಾಡು ದೋಣಿಗಳಿಗೂ ಸೇರಿ 1868ರಲ್ಲೇ ಕಾನೂನು ಬಂತು. ಆದರೆ ಅದು ಸಂಸ್ಥಾನಕ್ಕೆ ತಾನಾಗಿಯೇ ಅನ್ವಯಿಸುವಂತಿರಲಿಲ್ಲ. ಮೇಲಾಗಿ ಕಡವು ಎಂದರೆ ಸರ್ಕಾರಕ್ಕೆ ಮುಖ್ಯವಾಗಿ ಸುಂಕ, ಗುತ್ತಿಗೆ. ಗುತ್ತಿಗೆ ಹಣ ಕಟ್ಟಿದವನಿಗೆ ಒಂದು ದಿನ ದೋಣಿ ನಿಂತರೂ ನಷ್ಟ. ಅಂಬಿಗನ ‘ಆಗೂದಿಲ್ಲ’ ಎಂಬ ಮಾತು ದುಬಾರಿಯಾದದ್ದು ಇಲ್ಲಿಂದಲೇ ಎಂದು ನನಗನ್ನಿಸುತ್ತದೆ.

ಬ್ರಿಟಿಷ್ ಇಂಡಿಯಾದ ಒಳನಾಡು ಜಲಮಾರ್ಗಗಳಿಗೆ ತಪಾಸಣೆಯ ಪ್ರಮಾಣಪತ್ರದ ನಿಯಮ 1917ರ ಒಳನಾಡು ಉಗಿಹಡಗು ಕಾಯ್ದೆಯಲ್ಲಿತ್ತು. ಹೆಸರೇ ಹೇಳುವಂತೆ ಅದರ ಚಿಂತೆ ಯಂತ್ರದ್ದು. ಯಂತ್ರವಿದ್ದರೆ ತಪಾಸಣೆ, ಹುಟ್ಟು ಹಾಕುವ ದೋಣಿ, ಹರಿಗೋಲು ಆ ಚೌಕಟ್ಟಿನ ಹೊರಗೆ. ಈ ಕಾಯ್ದೆ ತಿದ್ದುಪಡಿಗಳೊಂದಿಗೆ ನೂರು ವರ್ಷಕ್ಕೂ ಮೇಲೆ ಬಾಳಿತು. ನಡುವೆ 1980ರಲ್ಲಿ ಉಜನಿ ಅಣೆಕಟ್ಟು ಮುಗಿದು, ಒಂದು ಕೂಗಿಗೆ ಕೇಳುತ್ತಿದ್ದ ಎದುರು ದಡ ಎಷ್ಟೋ ಊರುಗಳಿಗೆ ದೂರವಾಯಿತು. ರಸ್ತೆಯಲ್ಲಿ ಸುತ್ತಿ ಹೋಗುವ ಬದಲು ದೋಣಿಯೇ ಬಸ್ಸಾಯಿತು. ನದಿಯ ದೋಣಿ ಈಗ ಸಮುದ್ರದಂಥ ನೀರಿನ ಮೇಲೆ!

ಸಮುದ್ರದಲ್ಲೂ ಕಥೆ ಬೇರೆಯಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಜನ ಸತ್ತರು.

ಹೊಸ ಒಳನಾಡು ಹಡಗುಗಳ ಕಾಯ್ದೆ 2021ರದು. ಯಾಂತ್ರಿಕ ದೋಣಿಗೆ ನೋಂದಣಿ, ತಪಾಸಣೆ, ನಡೆಸುವವನಿಗೆ ಅರ್ಹತಾಪತ್ರ, ವಿಮೆ ಎಲ್ಲ ಅದರಲ್ಲಿವೆ. ಒಂದು ರಾಜ್ಯದ ನೋಂದಣಿ ಇನ್ನೊಂದರಲ್ಲೂ ನಡೆಯುತ್ತದೆ. ಗಡಿಯವರಾದ ನಮಗೆ ಇದು ಸಣ್ಣ ಮಾತಲ್ಲ. ಯಂತ್ರವಿಲ್ಲದ ದೋಣಿಗಳನ್ನೂ ಪಂಚಾಯತಿ ಮಟ್ಟದಲ್ಲೇ ಪಟ್ಟಿಗೆ ಸೇರಿಸಲು ಅವಕಾಶವಿದೆ. ಹರಿಗೋಲು ಕೊನೆಗೂ ಕಾನೂನಿನ ಕಣ್ಣಿಗೆ ಬಿತ್ತು.

ಪ್ರಶ್ನೋತ್ತರದ ವೇಳೆ ಅಧ್ಯಾಪಕರೊಬ್ಬರು, ‘ಕಾಗದ ಇದ್ದರೆ ಗಾಳಿ ನಿಲ್ತದೇನು?’ ಎಂದು ಕೇಳಿದರು. ನಿಲ್ಲೋದಿಲ್ಲ ಸರ್. ಬ್ರಿಟನ್ನಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿ 1876ರಲ್ಲಿ ಹಡಗಿನ ಮೈಮೇಲೆ ಭಾರದ ಗೆರೆ ಕಡ್ಡಾಯ ಮಾಡಿಸಿದ. ಆದರೆ ಗೆರೆ ಎಲ್ಲಿ ಎಳೆಯಬೇಕು ಎಂಬುದನ್ನು 1890ರವರೆಗೂ ಮಾಲೀಕನಿಗೇ ಬಿಟ್ಟಿದ್ದರು. ಹಾಗಾಗಿ ಪ್ರಮಾಣಪತ್ರ ಇದೆಯೋ ಇಲ್ಲವೋ ಎಂದಷ್ಟೇ ಕೇಳಿದರೆ ಸಾಲದು, ಗೆರೆ ಎಳೆದವರು ಯಾರು ಅಂತಲೂ ಕೇಳಬೇಕು. ಎಷ್ಟು ಜನ, ಯಾವ ಗಾಳಿಗೆ ದೋಣಿ ಬಿಡಬಾರದು ಎಂಬುದನ್ನು ದೋಣಿಯ ಪಕ್ಕೆಯ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆದಿದ್ದರೆ, ದಡದಲ್ಲಿ ಮಗು ಎತ್ತಿಕೊಂಡು ನಿಂತ ತಾಯಿಯೂ ಅದನ್ನು ಓದಿ ಹಿಂದೆ ಸರಿಯಬಹುದು. ಅಂಬಿಗ ಆಗೂದಿಲ್ಲ ಅಂದಾಗ ಅವನ ಬೆನ್ನಿಗೊಂದು ಬರಹವೂ ಇರುತ್ತದೆ.